ಹನ್ನೊಂದು ಸೆಕೆಂಡು

ಸೇಸಮ್ಮ ಮೂರು ತಿಂಗಳಲ್ಲಿ ಒಟ್ಟು ಹನ್ನೊಂದು ಸೆಕೆಂಡು ಮಾತಾಡಿದ್ದಾಳೆ ಎಂದು ವರದಿ ಬಂತು. ವರದಿಯನ್ನು ಯಾರೂ ಬರೆದದ್ದಲ್ಲ. ಕಂಪ್ಯೂಟರ್ ತಾನಾಗಿ ಲೆಕ್ಕ ಹಾಕಿ ಕಳುಹಿಸಿದ್ದು. ಹಾಗಾಗಿ ಅದರಲ್ಲಿ ತಪ್ಪಿರಲು ಸಾಧ್ಯವಿಲ್ಲ ಎಂದು ಆಸ್ಪತ್ರೆಯವರು ಹೇಳಿದರು.

ನನಗೆ ಸೇಸಮ್ಮನ ಪರಿಚಯವಾದದ್ದು ಎರಡು ವರ್ಷದ ಹಿಂದೆ. ಪುತ್ತೂರಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡೆ. ಹತ್ತೊಂಬತ್ತು ದಿನ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮಲಗಿದ್ದೆ. ಸೇಸಮ್ಮ ಅಲ್ಲಿ ಆಯಾ.

ಆ ಹತ್ತೊಂಬತ್ತು ದಿನವೂ ಅವಳು ಮಾತಾಡಿದ್ದಳು. ಬೆಡ್‌ಪ್ಯಾನ್ ಇಡುವಾಗ ಹೆಚ್ಚು ಮಾತಾಡುತ್ತಿದ್ದಳು. ನಾನು ಮೀನು ತಿನ್ನುವವಳಲ್ಲ ಎಂದು ಗೊತ್ತಿದ್ದೂ ಬಂಗುಡೆ ಯಾವ ದಿನ ತಾಜಾ ಬರುತ್ತದೆ, ಕಿವಿರು ಎತ್ತಿ ನೋಡುವುದು ಹೇಗೆ, ಮಾರುವವನು ಎಲ್ಲಿ ಮೋಸ ಮಾಡುತ್ತಾನೆ ಎಂದು ವಿವರಿಸುತ್ತಿದ್ದಳು. ವಿವರಣೆ ಮುಗಿಯುವಾಗ ಬೆಡ್‌ಪ್ಯಾನಿನ ಕೆಲಸವೂ ಮುಗಿದಿರುತ್ತಿತ್ತು. ನನಗೆ ನಾಚಿಕೆಪಡಲು ಸಮಯ ಸಿಗುತ್ತಿರಲಿಲ್ಲ. ಅದು ಅವಳ ಉಪಾಯ ಎಂದು ನನಗೆ ಹೊಳೆದದ್ದು ಏಳನೆಯ ದಿನ.

ಮುರಿದ ಸೊಂಟದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಈ ಕೆಲಸಕ್ಕೆ ಇಬ್ಬರು ಬೇಕು. ಸೇಸಮ್ಮ ಹೆಗಲಿನ ಕಡೆ, ಬೀಬಿ ಎಂಬ ಇನ್ನೊಬ್ಬ ಆಯಾ ಸೊಂಟದ ಕಡೆ. ಸೇಸಮ್ಮ ‘ಈಗ’ ಎನ್ನುವಳು. ಬೀಬಿ ‘ಬರ್ಲಿ’ ಎನ್ನುವಳು. ಆ ಎರಡು ಮಾತುಗಳ ನಡುವೆ ನಾನು ಬಲದಿಂದ ಎಡಕ್ಕೆ ಬಂದಿರುತ್ತಿದ್ದೆ. ಹದಿನೇಳು ವರ್ಷದಿಂದ ಅವರದು ಅದೇ ಜೋಡಿ, ಅದೇ ಮಾತು. ಅರ್ಧ ಒಬ್ಬಳದು, ಅರ್ಧ ಇನ್ನೊಬ್ಬಳದು. ಒಬ್ಬಳೇ ಪೂರ್ತಿ ಮಾಡಲು ಹೋದರೆ ರೋಗಿ ಕೆಳಗೆ ಬೀಳುತ್ತಾನೆ.

ಆಸ್ಪತ್ರೆಯಲ್ಲಿ ಆಯಾಗಳಿಗೆ ನೀಲಿ ಕೋಟು. ಗುಡಿಸಿ ಒರೆಸುವವರಿಗೆ ಹಸಿರು ಕೋಟು. ಸೇಸಮ್ಮನ ತಾಯಿ ಅಂಗಾರೆ ಇದೇ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಹಿಡಿಸೂಡಿ ಹಿಡಿದು ಗುಡಿಸಿದವಳು. ಆಗ ಕೋಟು ಇರಲಿಲ್ಲ. ಅಂಗಾರೆ ವಾರ್ಡಿನ ನೆಲ ಒರೆಸಬಹುದಿತ್ತು, ಮಂಚ ಮುಟ್ಟುವಂತಿರಲಿಲ್ಲ. ಮುಟ್ಟಬಾರದೆಂದು ಎಲ್ಲೂ ಬರೆದಿರಲಿಲ್ಲ. ಅವಳು ಹತ್ತಿರ ಬಂದರೆ ರೋಗಿಗಳು ಕಾಲು ಒಳಗೆ ಎಳೆದುಕೊಳ್ಳುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು. ಆ ರೋಗಿಗಳಲ್ಲಿ ನಮ್ಮವರೂ ಇದ್ದರು. ನನ್ನ ತಾಯಿಯೂ ಇದ್ದಳು.

ಸೇಸಮ್ಮ ಕಡಬದಿಂದ ಆಚೆ ಒಂದು ಕಾಲೊನಿಯವಳು. ಆ ಕಾಲೊನಿಯಿಂದ ನೀಲಿ ಕೋಟು ಹಾಕಿದ ಮೊದಲ ಹೆಂಗಸು. ಅವಳು ನನ್ನ ಬೆನ್ನು ಒರೆಸಿದಳು. ನನ್ನ ಬಾಯಿಗೆ ಗಂಜಿ ಹಾಕಿದಳು. ನಾನು ಕಾಲು ಎಳೆದುಕೊಳ್ಳಲಿಲ್ಲ. ಎಳೆದುಕೊಳ್ಳಲು ಆಗುತ್ತಲೂ ಇರಲಿಲ್ಲ, ಸೊಂಟ ಮುರಿದಿತ್ತು. ಹಾಗಾಗಿ ಅದರಲ್ಲಿ ನನ್ನ ದೊಡ್ಡತನ ಏನೂ ಇಲ್ಲ.

ಈ ವರ್ಷ ಜನವರಿಯಲ್ಲಿ ಆಸ್ಪತ್ರೆಯವರು ಒಂದು ನಿಯಮ ತಂದರು. ಆಸ್ಪತ್ರೆಗೆ ಮೇಲಿನ ದರ್ಜೆ ಸಿಗಬೇಕಾದರೆ ಆಯಾಗಳೂ ಸರ್ಟಿಫಿಕೇಟ್ ಪಡೆದವರಾಗಿರಬೇಕು. ಹನ್ನೆರಡು ವಾರ ಆನ್‌ಲೈನ್ ಕ್ಲಾಸು. ವಾರಕ್ಕೆ ಒಂದು, ಮಧ್ಯಾಹ್ನ ಮೂರಕ್ಕೆ. ಕಲಿಸುವ ಮೇಡಂ ಬೆಂಗಳೂರಿನ ಒಂದು ತರಬೇತಿ ಕಂಪನಿಯವರು. ನೂರರಲ್ಲಿ ಅರವತ್ತು ಅಂಕ ಟಿಕ್ ಹಾಕುವ ಪ್ರಶ್ನೆಗಳಿಗೆ. ನಲವತ್ತು ಚರ್ಚೆಯಲ್ಲಿ ಭಾಗವಹಿಸಿದ್ದಕ್ಕೆ. ಚರ್ಚೆ ಇಂಗ್ಲಿಷಿನಲ್ಲಿ. ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಪಾಸಾದವರು ನೀಲಿ ಕೋಟಿನಲ್ಲೇ ಇರುವುದು. ಆಗದವರು ಹಸಿರು ಕೋಟಿಗೆ ಹೋಗುವುದು.

ಆಸ್ಪತ್ರೆಯ ಸಿಬ್ಬಂದಿ ವಿಭಾಗವನ್ನು ನೋಡಿಕೊಳ್ಳುವ ಪ್ರಸನ್ನ ನನ್ನ ತಮ್ಮನ ಮಗ. ‘ಎಲ್ಲರಿಗೂ ಒಂದೇ ಪರೀಕ್ಷೆ ಅತ್ತೆ, ಯಾರಿಗೂ ಭೇದ ಇಲ್ಲ’ ಎಂದು ನನಗೆ ಸಂತೋಷದಿಂದ ಹೇಳಿದ. ಅವನು ಒಳ್ಳೆಯ ಹುಡುಗ. ನಾನು ಆಸ್ಪತ್ರೆಯಲ್ಲಿದ್ದಾಗ ದಿನಾ ಬಂದು ಫ್ಲಾಸ್ಕಿಗೆ ಬಿಸಿನೀರು ತುಂಬಿಸಿ ಹೋಗುತ್ತಿದ್ದ.

ನನ್ನ ಮನೆ ಆಸ್ಪತ್ರೆಯ ಹಿಂದಿನ ಓಣಿಯಲ್ಲಿ. ಒಂದು ಮಧ್ಯಾಹ್ನ ಸೇಸಮ್ಮ ಮತ್ತು ಬೀಬಿ ಗೇಟಿನ ಹತ್ತಿರ ನಿಂತಿದ್ದರು.

“ಅಮ್ಮ, ನಿಮ್ಮಲ್ಲಿ ವೈಫೈ ಉಂಟಲ್ಲ?” ಎಂದಳು ಸೇಸಮ್ಮ.

“ಉಂಟು. ಬನ್ನಿ.”

“ನಮ್ಮಲ್ಲಿ ರೇಂಜ್ ಸಿಗ್ಬೇಕಾದ್ರೆ ನೀರಿನ ಟಾಂಕಿಗೆ ಹತ್ಬೇಕು. ಅಲ್ಲಿ ನಿಂತು ಇಂಗ್ಲಿಷ್ ಮಾತಾಡಿದ್ರೆ ಇವಳು ಹಾರ್ಲಿಕ್ಕೆ ಹೊರಟಿದ್ದಾಳೆ ಅಂತ ಜನ ಗ್ರಹಿಸಿಯಾರು.”

“ಹಾರಿದ್ರೂ ಹಾರಿಯಾಳು,” ಎಂದಳು ಬೀಬಿ. “ಇಂಗ್ಲಿಷಿಗಿಂತ ಅದು ಸುಲಭ.”

ಒಳಗೆ ಕುರ್ಚಿ ಹಾಕಿದೆ. ಬೀಬಿ ಒಳಗೆ ಬಂದಳು. ಸೇಸಮ್ಮ ಜಗಲಿಯಲ್ಲಿ ಕುಳಿತಳು.

“ಒಳಗೆ ಬಾ ಸೇಸಮ್ಮ.”

“ಇಲ್ಲೇ ಗಾಳಿ ಉಂಟು ಅಮ್ಮ.”

ಗಾಳಿ ಇರಲಿಲ್ಲ. ನಾನು ಮತ್ತೆ ಕರೆಯಲಿಲ್ಲ. ಬೀಬಿ ಎದ್ದು ಹೋಗಿ ಅವಳ ಪಕ್ಕ ಕುಳಿತಳು.

ಅವರು ಬರುವುದು ಬೆಳಿಗ್ಗೆ ಏಳರಿಂದ ಎರಡರವರೆಗಿನ ಪಾಳಿ ಮುಗಿಸಿ. ನಲವತ್ತು ಹಾಸಿಗೆಯ ವಾರ್ಡು. ಅಷ್ಟರಲ್ಲಿ ಹತ್ತು ಹನ್ನೆರಡು ಮಂದಿಯನ್ನು ಎತ್ತಿ ಇಳಿಸಿ ಆಗಿರುತ್ತಿತ್ತು. ಸೇಸಮ್ಮನ ಬಲಗೈ ಮಣಿಗಂಟು ಊದಿಕೊಂಡಿರುತ್ತಿತ್ತು. ಬೆರಳುಗಳು ಲೋಶನ್ನಿನಿಂದ ಬಿಳಿಚಿ ಸುಕ್ಕಾಗಿರುತ್ತಿದ್ದವು. ಕಾಲು ಚಾಚಿ ಗೋಡೆಗೆ ಒರಗಿ ಎರಡು ಲೋಟ ನೀರು ಕುಡಿಯುವಳು. ಮೂರಕ್ಕೆ ಐದು ನಿಮಿಷ ಇರುವಾಗ ಕಾಲು ಮಡಚಿ, ಕೂದಲು ಒತ್ತಿ, ಕೋಟಿನ ಗುಂಡಿ ಹಾಕುವಳು. ಮುಖ ಕಾಣುತ್ತಲೇ ಇರಬೇಕೆಂಬುದು ನಿಯಮ. ಒಬ್ಬರಿಗೆ ಒಂದು ಫೋನು ಎಂಬುದೂ ನಿಯಮ. ಅವಳ ಫೋನಿನ ಕಿವಿಗೆ ಹಾಕುವ ವಯರು ಕೆಟ್ಟಿತ್ತು. ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟ ಅಲಿ ಕುಂಞಿ ಒಂದು ಕಿವಿ ಮಾತ್ರ ಕೇಳುವ ವಯರು ಹುಡುಕಿ ಸುಮ್ಮನೆ ಕೊಟ್ಟಿದ್ದ. ‘ಬೈಯುದು ಕೇಳ್ಲಿಕ್ಕೆ ಒಂದು ಕಿವಿ ಸಾಕು’ ಎಂದಿದ್ದನಂತೆ.

ಮೊದಲ ದಿನದ ವಿಷಯ, ರೋಗಿಯ ಗೌರವ. ಫೋನಿನ ಪರದೆಯಲ್ಲಿ ಇಪ್ಪತ್ತಾರು ಚಿಕ್ಕ ಚೌಕಗಳು, ನಾಲ್ಕು ಆಸ್ಪತ್ರೆಯ ಇಪ್ಪತ್ತಾರು ಹೆಂಗಸರು. ಮೇಡಂ ಗುಡ್ ಆಫ್ಟರ್‌ನೂನ್ ಎಂದರು. ಇಪ್ಪತ್ತಾರು ಗಂಟಲುಗಳು ರಾಗವಾಗಿ ಗುಡ್ ಆಫ್ಟರ್‌ನೂನ್ ಮೇಡಂ ಎಂದವು. ಮೇಡಂ ಒಂದು ವಾಕ್ಯ ಹೇಳಿದರು. ಅರ್ಧ ಜನ ಆ ವಾಕ್ಯವನ್ನೇ ತಿರುಗಿ ಹೇಳಿದರು. ಸರಕಾರಿ ಕನ್ನಡ ಶಾಲೆಯಲ್ಲಿ ಹಾಗೆಯೇ ಪಾಠ. ಟೀಚರು ಒಂದು ಹೇಳಬೇಕು, ಮಕ್ಕಳು ಅದನ್ನೇ ಹೇಳಬೇಕು. ಗಟ್ಟಿಯಾಗಿ ಹೇಳಿದವರು ಜಾಣರು. ಮೇಡಂ ಸಣ್ಣಗೆ ನಕ್ಕು ಎಲ್ಲರ ಧ್ವನಿಯನ್ನೂ ಬಂದ್ ಮಾಡಿದರು.

ರೋಗಿಯ ಗೌರವದ ಬಗ್ಗೆ ಒಬ್ಬೊಬ್ಬರೇ ಎರಡು ನಿಮಿಷ ಮಾತಾಡಬೇಕಿತ್ತು. ಸೇಸಮ್ಮನ ಸರದಿ ಬಂದಾಗ ಅವಳ ಬಾಯಿ ತೆರೆಯಿತು. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಬೆಡ್‌ಪ್ಯಾನ್, ಬಂಗುಡೆ, ಕಿವಿರು, ಎಲ್ಲವೂ ಅವಳ ಬಾಯಿಯ ತನಕ ಬಂದಿತ್ತು. ಬಾಯಿ ಮುಚ್ಚಿತು. ಮೇಡಂ ಥ್ಯಾಂಕ್ ಯೂ ಎಂದು ಮುಂದಿನವಳ ಹೆಸರು ಕರೆದರು.

ಮೇಡಂ ಕೆಟ್ಟವರಲ್ಲ. ಒಮ್ಮೆಯೂ ಗದರಿದವರಲ್ಲ. ನಗುನಗುತ್ತಲೇ ಸೊನ್ನೆ ಹಾಕುತ್ತಿದ್ದರು.

ಮೂರನೆಯ ವಾರದ ಚರ್ಚೆ ಬೆನ್ನಿನ ಹುಣ್ಣು. ಸೇಸಮ್ಮ ನೆಟ್ಟಗೆ ಕುಳಿತಳು. ಇದು ಅವಳ ವಿಷಯ. ಧೈರ್ಯ ಮಾಡಿ ಮೈಕಿನ ಗುರುತು ಒತ್ತಿದಳು.

“ಮೇಡಂ, ಪೇಷೆಂಟ್ ಟೂ ಅವರ್ ಟರ್ನಿಂಗ್,” ಎಂದು ನಿಲ್ಲಿಸಿದಳು.

“ಬ್ಯಾಕ್ ಡ್ರೈ. ಶೀಟ್ ನೋ ಫೋಲ್ಡ್,” ಎಂದಳು ಪಕ್ಕದಲ್ಲಿದ್ದ ಬೀಬಿ, ತನ್ನ ಫೋನಿನಿಂದ.

“ರೆಡ್ ರೆಡ್ ಸೀಯಿಂಗ್...”

“ನೋ ರಬ್ಬಿಂಗ್!”

“ಪಿಲ್ಲೋ ಹಿಯರ್...”

“ಲೆಗ್ ಸೆಂಟರ್.”

ಎರಡು ಫೋನೂ ಹತ್ತಿರವಿದ್ದುದರಿಂದ ಒಂದು ಇನ್ನೊಂದನ್ನು ಕೇಳಿ ಕೀ ಎಂದು ಕಿರುಚಿದವು. ಆದರೂ ಅವರು ನಿಲ್ಲಿಸಲಿಲ್ಲ. ಮಂಚದ ಎರಡು ಬದಿ ನಿಂತವರಂತೆ ಒಬ್ಬರನ್ನೊಬ್ಬರು ನೋಡಿಕೊಂಡು ಹೇಳುತ್ತಾ ಹೋದರು. ನಾನು ಕಲಿತ ವ್ಯಾಕರಣಕ್ಕೆ ಅದರಲ್ಲಿ ಜಾಗ ಇರಲಿಲ್ಲ. ಆದರೆ ಅದನ್ನು ಕೇಳಿದ ಯಾರೂ ಒಬ್ಬ ರೋಗಿಯ ಬೆನ್ನು ಹುಣ್ಣಾಗಲು ಬಿಡುತ್ತಿರಲಿಲ್ಲ.

ಒಬ್ಬರಿಗೆ ಒಂದು ಉತ್ತರ, ಇನ್ನೊಬ್ಬರ ಸಹಾಯ ಪಡೆದರೆ ಇಬ್ಬರಿಗೂ ಅಂಕ ಇಲ್ಲ ಎಂದು ಮೇಡಂ ಇಂಗ್ಲಿಷಿನಲ್ಲಿ ಹೇಳಿದರು. ಮುಂದಿನ ವಾರದಿಂದ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕುಳಿತುಕೊಳ್ಳಬೇಕು. ನಾನು ಕನ್ನಡದಲ್ಲಿ ವಿವರಿಸಿದೆ.

“ಒಬ್ಬಳೇ ಪೇಷೆಂಟನ್ನು ಹೊರಳಿಸ್ಲಿಕ್ಕೆ ಆಗ್ತದಾ ಸೇಸಕ್ಕ?” ಬೀಬಿ ಕೇಳಿದಳು. “ಈ ಮೇಡಂ ಒಂದ್ಸಲ ವಾರ್ಡಿಗೆ ಬರ್ಲಿ ಮಾರಾಯ್ತಿ. ನೂರು ಕೆಜಿಯ ಆ ಗುತ್ತಿಗೆದಾರ ಪೇಷೆಂಟಿನ ಕಾಲಿನ ಕಡೆ ಇವರನ್ನೇ ನಿಲ್ಲಿಸುವ.”

“ಇಲ್ಲ ಬೀಬಿ. ತಲೆ ಕಡೆ ನಿಲ್ಲಿಸುವ. ಅವರು ಬೈಯುದು ಇವರಿಗೇ ಕೇಳ್ಲಿ.”

ಮುಂದಿನ ವಾರದಿಂದ ಬೀಬಿ ನನ್ನ ಅಡುಗೆಮನೆಯಲ್ಲಿ ಕುಳಿತಳು. ನಮ್ಮ ಅಡುಗೆಮನೆಗೆ ಮೊದಲ ಬಾರಿಗೆ ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸು ಬಂದದ್ದು ಇಂಗ್ಲಿಷಿನ ದೆಸೆಯಿಂದ. ಸೇಸಮ್ಮ ಜಗಲಿಯಲ್ಲೇ ಉಳಿದಳು.

ನನಗೂ ಒಂದು ಬುದ್ಧಿ ಬಂತು. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂದೆ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದೆ. ಫೋನಿನ ಹಿಂದೆ ಆ ಹಾಳೆ ಹಿಡಿದು ನಿಂತೆ. ಸೇಸಮ್ಮ ನೋಡಿ ಓದಿದಳು. ಅವಳು ಏಳನೇ ಕ್ಲಾಸು ಕಲಿತವಳು, ಓದು ಚೆನ್ನಾಗಿತ್ತು. ಎರಡು ನಿಮಿಷ ಪೂರ್ತಿ ಓದಿದಳು. ಮೇಡಂ ಎಕ್ಸಲೆಂಟ್ ಸೇಸಮ್ಮ ಎಂದರು. ಐದಕ್ಕೆ ನಾಲ್ಕು ಅಂಕ. ನನಗೆ ಬಿ.ಎ. ಪಾಸಾದ ದಿನ ಅಷ್ಟು ಖುಷಿಯಾಗಿರಲಿಲ್ಲ.

ಸೇಸಮ್ಮ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದರಲ್ಲಿ ಎಂತ ಉಂಟು ಅಮ್ಮ?”

ತರಬೇತಿಯ ಪುಸ್ತಕ ನೋಡಿ ಬರೆದಿದ್ದೆ, ಅರ್ಥ ಹೇಳಿದೆ. ಹಾಸಿಗೆ ಹಿಡಿದ ಪ್ರತಿಯೊಬ್ಬ ರೋಗಿಯನ್ನೂ ನಾವು ಗಾಳಿ ತುಂಬಿದ ಹಾಸಿಗೆಯ ಮೇಲೆ ಮಲಗಿಸುತ್ತೇವೆ ಎಂದು ಇತ್ತು.

ಅವಳು ಹಾಳೆಯನ್ನು ಕೆಳಗಿಟ್ಟಳು.

“ನಮ್ಮ ವಾರ್ಡಿನಲ್ಲಿ ಗಾಳಿ ಹಾಸಿಗೆ ಎರಡು. ಒಂದು ಪಂಚರ್. ನೀವು ಮಲಗಿದ್ದು ಬರೀ ಹತ್ತಿಯದ್ದರಲ್ಲಿ. ಹತ್ತಿಯದ್ದರಲ್ಲಿ ಮಲಗಿಯೂ ನಿಮ್ಮ ಬೆನ್ನು ಹಾಳಾಗ್ಲಿಲ್ಲ.”

“ಇಲ್ಲ.”

“ಅದನ್ನು ಹೇಳ್ಬೇಕಿತ್ತು. ನೀವು ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರಿ.”

ಅವಳು ಸಿಟ್ಟಿನಲ್ಲಿ ಹೇಳಲಿಲ್ಲ. ಹೋಗುವಾಗ ಎಂದಿನಂತೆ ಲೋಟ ತೊಳೆದಿಟ್ಟು, ನನ್ನ ಊರುಗೋಲನ್ನು ಕೈಗೆ ಸಿಗುವಂತೆ ಇಟ್ಟು ಹೋದಳು.

ಮುಂದಿನ ವಾರವೂ ನಾನು ಹಾಳೆ ಬರೆದಿಟ್ಟಿದ್ದೆ. ಅವಳು ನೋಡಲೇ ಇಲ್ಲ. ಸರದಿ ಬಂದಾಗ ಮೈಕ್ ಒತ್ತಿ ಪರದೆಯನ್ನೇ ನೋಡುತ್ತಾ ಹೇಳಿದಳು.

“ಗುಡ್ ಆಫ್ಟರ್‌ನೂನ್ ಮೇಡಂ. ಮೈ ನೇಮ್ ಸೇಸಮ್ಮ. ಲಾಸ್ಟ್ ವೀಕ್ ಟಾಕಿಂಗ್, ನಾಟ್ ಮೈ ಟಾಕಿಂಗ್. ಕ್ಯಾನ್ಸಲ್ ಮೇಡಂ.”

ಹನ್ನೊಂದು ಸೆಕೆಂಡು. ಅವಳು ಸ್ವಂತವಾಗಿ ಮಾತಾಡಿದ ಇಂಗ್ಲಿಷ್ ಅಷ್ಟೇ.

ಚೌಕಗಳಲ್ಲಿ ಕೆಲವರು ನಕ್ಕರು. ಧ್ವನಿ ಬಂದ್ ಆಗಿದ್ದರಿಂದ ನಗುವಿಗೆ ಸದ್ದಿರಲಿಲ್ಲ. ಬಾಯಿ ಅಗಲವಾಗುವುದು, ಹೆಗಲು ಅಲ್ಲಾಡುವುದು, ಒಬ್ಬಳು ಸೆರಗು ಮುಖಕ್ಕೆ ಹಿಡಿಯುವುದು ಕಾಣುತ್ತಿತ್ತು. ಸದ್ದಿಲ್ಲದ ನಗುವನ್ನು ನೋಡುತ್ತಾ ಕುಳಿತಿರುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮುಖ ಕಾಣುತ್ತಲೇ ಇರಬೇಕೆಂಬ ನಿಯಮ ಇದ್ದುದರಿಂದ ಸೇಸಮ್ಮ ಮುಖ ತಿರುಗಿಸಲಿಲ್ಲ.

ಮೇಡಂ ಅವಳ ಪ್ರಾಮಾಣಿಕತೆಯನ್ನು ಮೆಚ್ಚಿದರು. ನಾಲ್ಕು ಅಂಕ ತೆಗೆದರು. ಮುಂದಿನ ವಾರಕ್ಕೆ ಅವಳಿಗೆ ಬೇರೆಯೇ ಅಭ್ಯಾಸ ಕೊಟ್ಟರು. ಚರ್ಚೆ ಬೇಡ, ತನ್ನ ಬಗ್ಗೆ ಮೂರು ವಾಕ್ಯ ಹೇಳಿದರೆ ಸಾಕು. ನನ್ನ ಹೆಸರು ಇದು. ನನ್ನ ಊರು ಇದು. ನನಗೆ ಇಷ್ಟವಾದ ಬಣ್ಣ ಇದು.

“ಬಣ್ಣ ಯಾಕಂತೆ?” ಸೇಸಮ್ಮ ಕೇಳಿದಳು. ಅವಳಿಗೆ ನಲವತ್ತಮೂರು ವರ್ಷ. ಸತ್ತವರ ಕಣ್ಣು ಮುಚ್ಚಿಸಿ, ಬಾಯಿ ಕಟ್ಟಿ, ಮನೆಯವರು ಬರುವ ಮೊದಲು ಮುಖ ಒರೆಸಿಟ್ಟವಳು.

ಅವಳು ಬಣ್ಣ ಹೇಳಲಿಲ್ಲ. ಎಂಟನೆಯ ವಾರದ ಚರ್ಚೆ ಊಟ ಬೇಡವೆನ್ನುವ ರೋಗಿಗೆ ಊಟ ಮಾಡಿಸುವುದು ಹೇಗೆ ಎಂಬುದು. ಸೇಸಮ್ಮ ಕೈ ಎತ್ತುವ ಗುರುತು ಒತ್ತಿದಳು.

“ಮೇಡಂ, ಕನ್ನಡದಲ್ಲಿ ಹೇಳ್ಲಾ? ಒಂದೇ ನಿಮಿಷ.”

ಮೇಡಂ ಉತ್ತರಿಸುವ ಮೊದಲೇ ಹೇಳತೊಡಗಿದಳು. ಚಮಚವನ್ನು ಎದುರಿನಿಂದ ತರಬಾರದು, ಬದಿಯಿಂದ ತರಬೇಕು. ಎದುರಿನಿಂದ ತಂದರೆ ಮುದುಕರಿಗೆ ಯಾರೋ ಹೊಡೆಯಲು ಬಂದ ಹಾಗೆ ಆಗುತ್ತದೆ. ಮೊದಲ ತುತ್ತು ಅವರ ಕೈಗೇ ಕೊಡಬೇಕು, ಚೆಲ್ಲಿದರೆ ಚೆಲ್ಲಲಿ. ತಿನ್ನಿ ತಿನ್ನಿ ಎಂದು ಹೇಳಬಾರದು. ನಿಮ್ಮ ಮನೆಯಲ್ಲಿ ಸಾರಿಗೆ ಎಂತ ಹಾಕುವುದು ಎಂದು ಕೇಳಬೇಕು. ಅವರು ಆಸ್ಪತ್ರೆಯ ಸಾರನ್ನು ಬೈಯುತ್ತಾ ಬೈಯುತ್ತಾ ಉಣ್ಣುತ್ತಾರೆ.

ಪರದೆಯ ಅಡಿಯಲ್ಲಿ ಮಾತುಗಳು ತಾನಾಗಿ ಅಕ್ಷರವಾಗಿ ಬರುವ ಏರ್ಪಾಡಿತ್ತು. ಸೇಸಮ್ಮ ಮಾತಾಡಿದಷ್ಟೂ ಹೊತ್ತು ಅಲ್ಲಿ ಒಂದೇ ಸಾಲು ಬರುತ್ತಿತ್ತು. ಹಿನ್ನೆಲೆ ಸದ್ದು. ಮತ್ತೆ, ಹಿನ್ನೆಲೆ ಸದ್ದು.

ಅದೇ ಆಸ್ಪತ್ರೆಯ ಇನ್ನೊಬ್ಬ ಆಯಾ ಭವಿತಾ, ಸುಳ್ಯದ ಆಲೆಟ್ಟಿಯ ಹುಡುಗಿ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಪಿಯುಸಿ ಮಾಡಿದವಳು, ಇಪ್ಪತ್ತೆರಡು ವರ್ಷ. ಅವಳಿಗೆ ನೋಡಿ ಸಹಿಸಲಾಗಲಿಲ್ಲ. ಸೇಸಮ್ಮ ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಚಾಟಿನಲ್ಲಿ ಹಾಕಿದಳು. ಇದು ಸೇಸಕ್ಕ ಹೇಳಿದ್ದು ಎಂದು ಕೆಳಗೆ ಬರೆದಳು.

ಮೇಡಂ ಓದಿದರು. ಬಹಳ ಒಳ್ಳೆಯ ಅಂಶಗಳು ಎಂದರು. ಇಂಗ್ಲಿಷಿನಲ್ಲಿ ಬರೆದದ್ದು ಭವಿತಾ ಆದ್ದರಿಂದ ಅಂಕ ಅವಳಿಗೇ ಸೇರಬೇಕು ಎಂದರು. ಸೇಸಮ್ಮನ ಮಾತಿಗೆ ಭವಿತಾಳಿಗೆ ಐದಕ್ಕೆ ಐದು ಬಂತು.

ಕ್ಲಾಸು ಮುಗಿದ ಕೂಡಲೇ ಭವಿತಾ ನಮ್ಮ ಮನೆಗೆ ಓಡಿ ಬಂದಳು. ಕಣ್ಣು ಕೆಂಪಾಗಿತ್ತು.

“ಅಕ್ಕ, ನಂಗೆ ಆ ಮಾರ್ಕ್ ಬೇಡ. ನಾನು ಮೇಡಂಗೆ ಮೆಸೇಜ್ ಹಾಕ್ತೇನೆ.”

“ಸುಮ್ಮನಿರು. ಇಟ್ಕೊ,” ಎಂದಳು ಸೇಸಮ್ಮ. “ನಾನು ಹೇಳಿದ್ದಕ್ಕೆ ಐದು ಬಿತ್ತಲ್ಲ. ಅಷ್ಟು ಬೆಲೆ ಉಂಟು ಅಂತ ಗೊತ್ತಾಯ್ತು.”

“ಆ ಚಮಚದ ವಿಷಯ ನಂಗೆ ಗೊತ್ತೇ ಇರ್ಲಿಲ್ಲ ಅಕ್ಕ. ನಾನು ಇಷ್ಟು ದಿನ ಎದುರಿನಿಂದ್ಲೇ ಕೊಡುದು.”

“ನಾಳೆಯಿಂದ ಬದಿಯಿಂದ ಕೊಡು. ಪರೀಕ್ಷೆ ಅದು.”

ಮಾರ್ಚ್ ಕೊನೆಗೆ ಕ್ಲಾಸು ಮುಗಿಯಿತು. ಬೀಬಿಯ ಜೊತೆ ಹೇಳಿದ್ದು ರದ್ದು. ಹಾಳೆ ಓದಿದ್ದು ರದ್ದು. ಕನ್ನಡದಲ್ಲಿ ಹೇಳಿದ್ದು ಸದ್ದು. ಎಲ್ಲ ಕಳೆದು ಉಳಿದದ್ದನ್ನು ಕಂಪ್ಯೂಟರ್ ಕಳುಹಿಸಿತು.

ಆಸ್ಪತ್ರೆಯ ಎಂಟು ಆಯಾಗಳಲ್ಲಿ ಮೂವರು ಪಾಸಾದರು, ಐವರು ಆಗಲಿಲ್ಲ. ಆ ಐವರಲ್ಲಿ ಮೂವರು ಕಾಲೊನಿಗಳವರು, ಇಬ್ಬರು ಬ್ಯಾರಿಗಳು. ಇದು ಆಕಸ್ಮಿಕ ಎಂದು ಪ್ರಸನ್ನ ನನಗೆ ಹೇಳಿದ. ಕಂಪ್ಯೂಟರಿಗೆ ಜಾತಿ ಗೊತ್ತಿಲ್ಲ ಎಂದ. ಅದು ನಿಜ. ಕಂಪ್ಯೂಟರಿಗೆ ಗೊತ್ತಿಲ್ಲ.

ಐವರನ್ನೂ ಒಂದು ಸೋಮವಾರ ಆಫೀಸಿಗೆ ಕರೆದರು. ಸೇಸಮ್ಮ ಹಿಂದಿನ ದಿನ ಬಂದಳು.

“ನೀವೂ ಬನ್ನಿ ಅಮ್ಮ. ಮಾತಾಡ್ಲಿಕ್ಕೆ ಅಲ್ಲ. ಸುಮ್ಮನೆ ಕೂತ್ಕೊಳ್ಳಿಕ್ಕೆ.”

ಹೋದೆ. ಪ್ರಸನ್ನ ನನ್ನನ್ನು ನೋಡಿ ಎದ್ದು ನಿಂತ. “ಅತ್ತೆ, ನಿಂಗೊ ಎಂತಕೆ ಬಂದದು?” ಎಂದು ನಮ್ಮ ಮನೆಮಾತಿನಲ್ಲಿ ಮೆಲ್ಲಗೆ ಕೇಳಿದ. ಸುಮ್ಮನೆ ಎಂದೆ. ಅವನು ತನ್ನ ಮೆತ್ತನೆಯ ಕುರ್ಚಿಯನ್ನೇ ನನಗೆ ಕೊಟ್ಟು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡ. ಐವರು ನಿಂತಿದ್ದರು. ಮೇಜಿನ ಮೇಲೆ ಐದು ಕಾಗದ. ಪಕ್ಕದ ಕುರ್ಚಿಯ ಮೇಲೆ ಪ್ಲಾಸ್ಟಿಕ್ ಬಿಚ್ಚದ ಐದು ಹಸಿರು ಕೋಟು.

“ಸೇಸಮ್ಮ, ಇಲ್ಲಿ ಒಂದು ಸೈ ಹಾಕಿ. ಸಂಬಳ ಅದೇ. ಕೋಟು ಮಾತ್ರ ಬೇರೆ.”

ಕಾಗದ ಇಂಗ್ಲಿಷಿನಲ್ಲಿತ್ತು. ಸೇಸಮ್ಮ ಅದನ್ನು ಎತ್ತಿ ನೋಡಿ ಕೆಳಗಿಟ್ಟಳು.

“ಇದು ಇಂಗ್ಲಿಷ್ ಸಾರ್.”

“ಹೌದು. ಆಫೀಸಿನ ಕಾಗದ ಎಲ್ಲ ಇಂಗ್ಲಿಷೇ ಅಲ್ವಾ.”

“ನಂಗೆ ಇಂಗ್ಲಿಷ್ ಬರುದಿಲ್ಲ ಅಂತ ನೀವೇ ವರದಿ ಕೊಟ್ಟಿದ್ದೀರಿ. ಹನ್ನೊಂದು ಸೆಕೆಂಡಿನಷ್ಟು ಮಾತ್ರ ಬರುದು. ಇದು ಅದಕ್ಕಿಂತ ಉದ್ದ ಉಂಟು.”

ಹಿಂದೆ ಯಾರೋ ನಗು ತಡೆದುಕೊಂಡರು. ಈ ಸಲ ಸದ್ದು ಕೇಳಿತು.

“ನಾನು ಹೇಳ್ತೇನೆ, ಅದರಲ್ಲಿ ಎಂತ ಉಂಟು ಅಂತ.”

“ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಇಲ್ಲ ಸಾರ್. ಮೂರು ತಿಂಗಳು ಅದನ್ನೇ ಕಲಿತದ್ದು.”

ಪ್ರಸನ್ನ ಕಾಗದವನ್ನು ನನ್ನ ಕಡೆ ಸರಿಸಿದ. “ಅತ್ತೆ, ನೀವೇ ಓದಿ ಹೇಳಿ. ನಿಮ್ಮ ಮಾತಾದ್ರೆ ಅವರು ನಂಬ್ತಾರೆ.”

“ಕನ್ನಡಕ ತರಲಿಲ್ಲ,” ಎಂದೆ.

ಕನ್ನಡಕ ನನ್ನ ಕುತ್ತಿಗೆಯಲ್ಲಿ ದಾರದಲ್ಲಿ ನೇತಾಡುತ್ತಿತ್ತು. ಪ್ರಸನ್ನ ಅದನ್ನು ನೋಡಿದ. ಸೇಸಮ್ಮನೂ ನೋಡಿದಳು.

“ಕನ್ನಡದಲ್ಲಿ ಬರೆದು ಕೊಡಿ ಸಾರ್,” ಎಂದಳು ಸೇಸಮ್ಮ. “ಓದಿ ನೋಡ್ತೇನೆ.”

ಉಳಿದ ನಾಲ್ವರು ತಮ್ಮ ಕಾಗದವನ್ನೂ ಮೇಜಿನ ಮೇಲೆ ಹಿಂದಕ್ಕೆ ಇಟ್ಟರು. ಇಟ್ಟು ವಾರ್ಡಿಗೆ ಹೋದರು, ನೀಲಿ ಕೋಟಿನಲ್ಲೇ. ಮಧ್ಯಾಹ್ನದ ಊಟದ ಹೊತ್ತಾಗಿತ್ತು. ಅವರನ್ನು ತಡೆದರೆ ಮೂವತ್ತೆಂಟು ರೋಗಿಗಳಿಗೆ ಯಾರು ಉಣಿಸುವುದು ಎಂದು ಆ ಕ್ಷಣಕ್ಕೆ ಯಾರಿಗೂ ಗೊತ್ತಿರಲಿಲ್ಲ.

ಕನ್ನಡದ ಕಾಗದ ಬರಲು ನಾಲ್ಕು ದಿನ ಹಿಡಿಯಿತು. ಕನ್ನಡ ಟೈಪ್ ಮಾಡುವವರು ಆಫೀಸಿನಲ್ಲಿ ಇರಲಿಲ್ಲವಂತೆ. ಕಾಗದ ಮಂಗಳೂರಿಗೆ ಹೋಗಿ ಬಂತು. ಶುಕ್ರವಾರ ಮತ್ತೆ ಕರೆದರು. ಈ ಸಲ ನಾನು ಹೋಗುವಾಗ ಸೇಸಮ್ಮ ಆಗಲೇ ಮೇಜಿನ ಎದುರು ಕುರ್ಚಿಯಲ್ಲಿ ಕುಳಿತಿದ್ದಳು. ಕುಳಿತುಕೊಳ್ಳಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ ಎಂದು ಬೀಬಿ ನನಗೆ ಆಮೇಲೆ ಹೇಳಿದಳು.

ಸೇಸಮ್ಮ ಕಾಗದದ ಸಾಲಿನ ಅಡಿಗೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು.

“ನಾನು, ನನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಡವೂ ಇಲ್ಲದೆ, ರೋಗಿಗಳ ಆರೈಕೆ ವಿಭಾಗದಿಂದ ಶುಚಿತ್ವ ವಿಭಾಗಕ್ಕೆ ವರ್ಗಾವಣೆ ಕೋರುತ್ತೇನೆ.”

ನಿಲ್ಲಿಸಿದಳು. ಹಸಿರು ಕೋಟುಗಳ ಕಡೆ ನೋಡಿದಳು. ಮುಂದೆ ಓದಿದಳು.

“ರೋಗಿಗಳ ಜೊತೆ ಸಂವಹನ ನಡೆಸುವ ಸಾಮರ್ಥ್ಯ ನನಗೆ ಇಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಸಂವಹನ ಅಂದ್ರೆ ಎಂತ ಸಾರ್?”

“ಮಾತುಕತೆ.”

“ಪೇಷೆಂಟಿನ ಹತ್ರ ನಂಗೆ ಮಾತಾಡ್ಲಿಕ್ಕೆ ಬರುದಿಲ್ಲ ಅಂತ.”

“ಅದು ಸುಮ್ಮನೆ ಒಂದು ಪದ್ಧತಿಗೆ ಬರೆದದ್ದು ಸೇಸಮ್ಮ. ಎಲ್ಲರದ್ದೂ ಹಾಗೆ ಉಂಟು.”

“ಪೇಷೆಂಟುಗಳಿಗೆ ಇಂಗ್ಲಿಷ್ ಬರ್ತದಾ ಸಾರ್?”

ಪ್ರಸನ್ನನ ಕಿವಿ ಕೆಂಪಾಯಿತು. ಚಿಕ್ಕವನಿದ್ದಾಗಲೂ ಹಾಗೆಯೇ ಆಗುತ್ತಿತ್ತು.

ಸೇಸಮ್ಮ ಕೊನೆಯ ಸಾಲಿನವರೆಗೆ ಓದಿದಳು. ಕೆಳಗಿದ್ದ ತಾರೀಕನ್ನೂ ಓದಿದಳು. ಕಾಗದವನ್ನು ಮಡಚದೆ, ಬಂದ ಹಾಗೆಯೇ, ಮೇಜಿನ ಆಚೆ ತಳ್ಳಿದಳು.

“ಈಗ ಅರ್ಥ ಆಯ್ತು. ಆಗುದಿಲ್ಲ.”

“ಎಂತ ಆಗುದಿಲ್ಲ?”

“ಸೈ ಆಗುದಿಲ್ಲ. ಕೋಟು ತೆಗೆಯುದಿಲ್ಲ. ನನ್ನ ಅಮ್ಮ ಇಪ್ಪತ್ತೆರಡು ವರ್ಷ ನಿಮ್ಮ ಹಿಡಿಸೂಡಿ ಹಿಡಿದಿದ್ದಾಳೆ. ನಮ್ಮ ಮನೆಯ ಪಾಲು ಮುಗಿದಿದೆ.”

“ಸೇಸಮ್ಮ, ಹೀಗೆ ಮಾಡಿದ್ರೆ ಕೆಲಸದಿಂದ ತೆಗೀಬೇಕಾಗ್ತದೆ. ನನ್ನ ಕೈಯಲ್ಲಿ ಎಂತದೂ ಇಲ್ಲ.”

“ತೆಗೆಯಿರಿ. ಯಾಕೆ ತೆಗೆದದ್ದು ಅಂತ ಬರೆದು ಕೊಡಿ. ಬೆನ್ನು ಹುಣ್ಣಾದ ಒಬ್ಬ ಪೇಷೆಂಟಿನ ಹೆಸರು ಅದರಲ್ಲಿ ಬರೀರಿ. ನಾನು ನೋಡಿದವರಲ್ಲಿ ಒಬ್ರದ್ದು ಸಾಕು.”

ಫ್ಯಾನು ತಿರುಗುತ್ತಿತ್ತು. ಹಸಿರು ಕೋಟುಗಳ ಪ್ಲಾಸ್ಟಿಕ್ ಸರಸರ ಎನ್ನುತ್ತಿತ್ತು. ನಾನು ಸುಮ್ಮನೆ ಕುಳಿತಿದ್ದೆ. ನನಗೆ ವಹಿಸಿದ ಕೆಲಸ ಅದಾಗಿತ್ತು.

ಸೇಸಮ್ಮ ಎದ್ದಳು. ಕುರ್ಚಿಯನ್ನು ಬೀಬಿಯ ಕಡೆ ತಿರುಗಿಸಿದಳು. ಬೀಬಿ ಕುಳಿತು, ಶಾಲು ಸರಿಪಡಿಸಿಕೊಂಡು, ಕೈ ಚಾಚಿದಳು.

“ನನ್ನ ಕಾಗದ ಕೊಡಿ ಸಾರ್. ನಾನು ಸ್ವಲ್ಪ ನಿಧಾನ ಓದುದು.”

ಬೀಬಿ ಓದಿದ್ದು ನಾಲ್ಕನೇ ಕ್ಲಾಸು. ಅವಳು ಮೊದಲ ಅಕ್ಷರಕ್ಕೆ ಬೆರಳಿಟ್ಟು, ಅದನ್ನು ಎರಡು ಸಲ ಹೇಳಿ ನೋಡಿ, ಎರಡನೆಯದಕ್ಕೆ ಹೋದಳು. ಅವಳ ಹಿಂದೆ ಇನ್ನೂ ಮೂವರಿದ್ದರು. ಪ್ರಸನ್ನ ಗಡಿಯಾರ ನೋಡಿದ. ಆಮೇಲೆ ಫೋನ್ ಎತ್ತಿ, ತನ್ನ ಮುಂದಿನ ಮೀಟಿಂಗ್ ಇವತ್ತು ಆಗುವುದಿಲ್ಲ ಎಂದು ಯಾರಿಗೋ ಇಂಗ್ಲಿಷಿನಲ್ಲಿ ಹೇಳಿದ.